ಏಳು ಗ್ರಾಂ ಅಗರ್

ಅರಸೀಕೆರೆ ಪಕ್ಕದ ಬಾಳೆ ಸಸಿಯ ಲ್ಯಾಬಿನಲ್ಲಿ ನನ್ನದು ಅಂಬಲಿ ಕಾಯಿಸುವ ಕೆಲಸ. ಹೆಸರು ಮಾತ್ರ ದೊಡ್ಡದು, ಮೀಡಿಯಾ ರೂಮು. ನೀರು, ಸಕ್ಕರೆ, ಒಂದಷ್ಟು ಲವಣ, ಲೀಟರಿಗೆ ಏಳು ಗ್ರಾಂ ಅಗರ್ ಪುಡಿ. ಕಾಯಿಸಿ ಜಾಮ್ ಬಾಟಲಿಗಳಿಗೆ ಸುರಿದು, ಆಳೆತ್ತರದ ಕುಕ್ಕರಿನಲ್ಲಿ ಬೇಯಿಸಿ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಅದರಲ್ಲಿ ಕಟಿಂಗ್ ರೂಮಿನ ಹೆಂಗಸರು ಬಾಳೆಯ ಸಣ್ಣ ಚೂರುಗಳನ್ನು ನೆಡುತ್ತಾರೆ. ಅಗರ್ ಎಂದರೆ ಕಡಲಿನ ಕೆಂಪು ಪಾಚಿಯಿಂದ ತೆಗೆದ ಪುಡಿ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವುದೂ ಅದೇ. ನಾಲ್ಕು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಆಮೇಲೆ ಹೊಸ ಚೀಲ ಬಂತು. ಬಾಟಲಿ ಅಲ್ಲಾಡಿಸಿದರೆ ಒಳಗೆ ಗಂಜಿ. ಸಸಿಗಳು ಓರೆಯಾಗಿ, ಕುತ್ತಿಗೆವರೆಗೆ ಮುಳುಗಿ ಕೊಳೆಯತೊಡಗಿದವು. ಲ್ಯಾಬಿನ ಯಜಮಾನರು ಮೊದಲು ನೀರನ್ನು ಬೈದು ಫಿಲ್ಟರ್ ಬದಲಾಯಿಸಿದರು. ಆಮೇಲೆ ಕರೆಂಟನ್ನು ಬೈದರು. ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿ ಕುಕ್ಕರಿನ ಎರಡೂ ಪಕ್ಕ ಇಡಿಸಿದರು. ಬೈಯಲು ಇನ್ನೇನೂ ಉಳಿಯದಾಗ ನಾನು ಸಿಕ್ಕಿದೆ.

"ಏಳು ಗ್ರಾಂ ಹಾಕ್ತೀನಿ ಅಂತೀಯ. ಹಾಕಿದ್ರೆ ಗಟ್ಟಿ ಯಾಕಾಗಕಿಲ್ಲ? ಮಿಕ್ಕಿದ್ದು ಎಲ್ಲಿಗೆ ಹೋಗ್ತೈತಮ್ಮ?" ಎಂದರು, ಕಟಿಂಗ್ ರೂಮಿನ ಬಾಗಿಲಲ್ಲಿ ನಿಂತು, ಎಲ್ಲರ ಎದುರಿಗೇ.

ಗೌರಿ ಹಬ್ಬಕ್ಕೆ ನಾನು ಎಳನೀರಿನ ಪುಡ್ಡಿಂಗ್ ಮಾಡಿ ಎಲ್ಲರಿಗೂ ಹಂಚಿದ್ದೆ. ಬಾಣಾವರದ ಅಂಗಡಿಯಲ್ಲಿ ಕೊಂಡ ಚೈನಾ ಗ್ರಾಸ್ ಅದು. ಎರಡೆರಡು ಸಲ ಕೇಳಿ ಹಾಕಿಸಿಕೊಂಡು ತಿಂದವರೇ ಈಗ ಅದನ್ನು ನೆನಪಿಸಿಕೊಂಡರು. ಅಂದಿನಿಂದ ಸಂಜೆ ಗೇಟಿನಲ್ಲಿ ನನ್ನ ಬ್ಯಾಗನ್ನು ಮಾತ್ರ ತೆಗೆಸಿ ನೋಡತೊಡಗಿದರು. ಬಾಣಾವರದಿಂದ ದಿನಾ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬರುತ್ತಿದ್ದ ಕಟಿಂಗ್ ರೂಮಿನ ಗೆಳತಿ ಹಿಂದಿನ ಸೀಟಿಗೆ ಹೋದಳು. ಊಟಕ್ಕೂ ಅವಳ ಡಬ್ಬಿ ಬೇರೆ ಬೆಂಚು ಸೇರಿತು. ಪಕ್ಕದ ಮನೆಯ ಒಂದು ಎಸಳು ಕರಿಬೇವನ್ನೂ ಕೇಳದೆ ಕಿತ್ತವಳಲ್ಲ ನಾನು. ಮೈ ಉರಿದುಹೋಯಿತು.

ಚೀಲದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ತಮಿಳುನಾಡಿನ ಕಡಲ ಕಡೆಯವನೊಬ್ಬ, ನಾನು ಕೇಳಿದ್ದೇ ದಡ್ಡ ಪ್ರಶ್ನೆ ಎಂಬಂತೆ, ತನಗೆ ಬರುವ ಕನ್ನಡದಲ್ಲಿ ಹೇಳಿದ: "ಅದು ಮಳೆಗಾಲದ ಪಾಚಿ ಅಮ್ಮ. ಬಿಸಿಲು ಕಾಲದ್ದು ಗಟ್ಟಿ ಹಿಡಿಯುತ್ತೆ, ಇದು ಅಷ್ಟು ಹಿಡಿಯಲ್ಲ. ಜಾಸ್ತಿ ಹಾಕಬೇಕು." ಇದನ್ನು ಚೀಲದ ಮೇಲೆ ಬರೆಯೋಕೆ ನಿಮಗೇನು ರೋಗ ಎಂದು ಕೇಳಿದೆ. ನಕ್ಕು ಫೋನ್ ಇಟ್ಟ.

ಯಜಮಾನರಿಗೆ ಹೇಳಿದರೆ, "ಪಾಚಿಗೆಂಥಾ ಕಾಲನಮ್ಮ? ಅದು ಯಾವಾಗ್ಲೂ ನೀರಲ್ಲೇ ಇರ್ತದಲ್ಲ?" ಎಂದರು. ಹೇಳಿದ್ದು ಯಾರು? ತೆಂಗಿನ ತೋಟದ ಒಡೆಯರು! ಅಟ್ಟದಲ್ಲಿ ಒಣಗುವ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಕೊಬ್ಬರಿಯ ಜಾತಕ ಹೇಳುವವರು. ಬೇಸಿಗೆ ಕಾಯಿ ತೂಗುವಷ್ಟು ಮಳೆಗಾಲದ ಕಾಯಿ ತೂಗಲ್ಲ ಎಂದು ತೆಂಗಿನಕಾಯಿ ಮಂಡಿಯಲ್ಲಿ ಗಂಟೆಗಟ್ಟಲೆ ವಾದ ಮಾಡುವವರು. ತೆಂಗಿಗೆ ಕಾಲ ಉಂಟು, ಕಡಲಿಗೆ ಇಲ್ಲವಂತೆ!

"ನೀವೇ ತೂಗಿ ಸಾರ್," ಎಂದೆ. ಹಳೇ ಚೀಲದ ತಳದಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಹಳೆಯದು ಏಳು ಗ್ರಾಂ, ಹೊಸದು ಏಳು ಗ್ರಾಂ ಅವರ ಕೈಯಿಂದಲೇ ತೂಗಿಸಿದೆ. ಅವರ ಕಣ್ಣೆದುರೇ ಒಂದೊಂದು ಲೀಟರ್ ನೀರಿನಲ್ಲಿ ಕಾಯಿಸಿ, ಎರಡು ಲೋಟಗಳಿಗೆ ಸುರಿದೆ. ಆರಿದ ಮೇಲೆ ಎರಡನ್ನೂ ಅವರ ಮೇಜಿನ ಮೇಲೆ ಬೋರಲು ಹಾಕಿದೆ. ಹಳೆಯದು ಇಡ್ಲಿಯಂತೆ ಕೂತಿತು. ಹೊಸದು ಮೇಜಿನ ಮೇಲೆಲ್ಲ ಹರಿದು ಅವರ ಪಂಚೆಗೆ ಇಳಿಯಿತು. ತಟ್ಟೆ ಇಡಬಹುದಿತ್ತು, ಬೇಕೆಂದೇ ಇಡಲಿಲ್ಲ.

ಪಂಚೆ ಒರೆಸಿಕೊಳ್ಳುತ್ತಾ, "ಇದನ್ನ ಮೊದ್ಲೇ ಹೇಳ್ಬಾರ್ದಾ?" ಎಂದರು.

ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. "ನನ್ನ ಕಳ್ಳಿ ಮಾಡಿದ್ದು ಎಲ್ಲಾರ ಮುಂದೆ ಸಾರ್. ಇದನ್ನೂ ಅಲ್ಲೇ ಬಂದು ಹೇಳಿ. ಇಲ್ದಿದ್ರೆ ನಾಳೆಯಿಂದ ನಾನು ಬರಕಿಲ್ಲ," ಎಂದೆ.

ಬಂದರು. ಅದೇ ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತಾ, "ಪುಡೀದೇ ತಪ್ಪು ಕಣ್ರಮ್ಮ, ಈಯಮ್ಮಂದೇನಿಲ್ಲ. ಇನ್ಮೇಲೆ ಒಂಬತ್ತು ಗ್ರಾಂ," ಎಂದು ಹೊರಟುಹೋದರು. ನನಗೆ ಅಷ್ಟು ಸಾಕಾಗಿತ್ತು.

ಸಂಜೆ ಬಸ್ಸಿನಲ್ಲಿ ಗೆಳತಿ ಮತ್ತೆ ನನ್ನ ಪಕ್ಕ ಬಂದು ಕೂತಳು. ಏನೂ ಆಗಿಲ್ಲವೆಂಬಂತೆ ಸೆರಗು ಸರಿಮಾಡಿಕೊಂಡು, "ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣಕ್ಕ, ನೀನು ಅಂಥೋಳಲ್ಲ ಅಂತ," ಎಂದಳು.

ಯಜಮಾನರಾದರೋ ನಾನು ಕದ್ದೆ ಎಂದು ನಂಬಿ ಬೈದಿದ್ದರು. ಇವಳು ಕದ್ದಿಲ್ಲವೆಂದು ಗೊತ್ತಿದ್ದೂ ಹದಿನೈದು ದಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ಗೊತ್ತಿದ್ರೆ ಎದ್ದು ಯಾಕೆ ಹೋದೆ?" ಎಂದೆ.