ಫ್ಲೆಕ್ಸಿನಲ್ಲಿ ನೇರವಾದ ಹಲ್ಲು

ಕಡಬದಲ್ಲಿ ಬಸ್ಸಿಳಿದಾಗ ನನಗೆ ನನ್ನದೇ ಗುರುತು ಸಿಗಲಿಲ್ಲ. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಒಬ್ಬಳು ಬಿಳಿ ಕೋಟು ಹಾಕಿಕೊಂಡು ನಗುತ್ತಿದ್ದಳು. ಕೋಟು ನನ್ನದು, ಮೂಗು ನನ್ನದು, ಹಲ್ಲು ಮಾತ್ರ ನನ್ನದಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಹಲ್ಲಿನ ತಂತಿ ತಜ್ಞೆ, ನಮ್ಮೂರ ಹೆಮ್ಮೆಯ ಕುವರಿಗೆ ಅಭಿನಂದನೆಗಳು’ ಎಂದಿತ್ತು. ಅಭಿನಂದಿಸುವವರ ಸಾಲಿನಲ್ಲಿ ಚಿಕ್ಕಪ್ಪನ ಫೋಟೋ ನನ್ನದಕ್ಕಿಂತ ಸ್ವಲ್ಪವೇ ಚಿಕ್ಕದಿತ್ತು.

ನಡೆದದ್ದು ಇಷ್ಟೆ. ಬಿಡಿಎಸ್ ಮುಗಿಸಿದ ನಾನು ಪುತ್ತೂರಿನ ದರ್ಬೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತ, ವರ್ಷ ವರ್ಷವೂ ಎಂಡಿಎಸ್ ಪ್ರವೇಶದ ನೀಟ್ ಬರೆಯುತ್ತಿದ್ದೆ. ನನಗೆ ಬೇಕಾದದ್ದು ಆರ್ಥೊಡಾಂಟಿಕ್ಸ್ ಒಂದೇ, ಅಂದರೆ ಸೊಟ್ಟ ಹಲ್ಲಿಗೆ ತಂತಿ ಹಾಕಿ ಸಾಲಿಗೆ ತರುವ ವಿದ್ಯೆ. ದೇಶದ ಅರ್ಧ ದಂತವೈದ್ಯರಿಗೂ ಅದೇ ಬೇಕು. ಹಾಗಾಗಿ ಆ ಸೀಟುಗಳು ರ‍್ಯಾಂಕ್ ಪಟ್ಟಿಯ ತಲೆಭಾಗದಲ್ಲೇ ಮುಗಿದುಹೋಗುತ್ತವೆ. ನಾನಿದ್ದದ್ದು ಪಟ್ಟಿಯ ಪಾದದ ಹತ್ತಿರ. ಆ ವರ್ಷ ಬೇರೆ ವಿಭಾಗಗಳ ಸೀಟು ಖಾಲಿ ಉಳಿದವೆಂದು ಅರ್ಹತೆಯ ಗೆರೆಯನ್ನು ಕೆಳಗಿಳಿಸಿದರು. ಅದು ಇಳಿದು ಇಳಿದು ನನ್ನ ಕಾಲ ಬುಡಕ್ಕೆ ಬಂತು. ನಾನು ಕೂತಲ್ಲೇ ಅರ್ಹಳಾದೆ. ಮನೆಗೆ ಫೋನ್ ಮಾಡಿ, ‘ಕ್ವಾಲಿಫೈ ಆಯ್ತು’ ಎಂದೆ.

ಅದೇ ತಪ್ಪಾಯಿತು. ನಮ್ಮದು ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ, ಆದರೆ ಫ್ಲೆಕ್ಸಿನ ವಿಷಯದಲ್ಲಿ ಊರವರನ್ನೂ ಮೀರಿಸಿದ್ದೇವೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಒಂದು ಫ್ಲೆಕ್ಸ್, ಪಿಯುಸಿಗೆ ಒಂದು ಫ್ಲೆಕ್ಸ್, ನರ್ಸಿಂಗಿಗೆ ಸೇರಿದರೆ ಇನ್ನೊಂದು. ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ ಎಂದು ಚಿಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ಕೂಸು ಹುಟ್ಟುವ ಮುಂಚೆ ಅವರು ಕುಲಾವಿ ಹೊಲಿಸಿ ಕಂಬಕ್ಕೆ ಕಟ್ಟಿಯೂ ಆಗಿತ್ತು.

‘ಸೀಟು ಇನ್ನೂ ಸಿಗ್ಲಿಲ್ಲ ಚಿಕ್ಕಪ್ಪ. ಮತ್ತೆ, ನನ್ನ ಹಲ್ಲಿಗೆ ಎಂತ ಮಾಡಿದ್ದು?’ ಎಂದು ಕೇಳಿದೆ.

‘ಸೀಟು ಇವತ್ತಲ್ಲದಿದ್ರೆ ನಾಳೆ ಸಿಗ್ತದೆ. ಹಲ್ಲು ಫ್ಲೆಕ್ಸಿನ ಅಂಗಡಿಯವ ಸರಿ ಮಾಡಿ ಕೊಟ್ಟದ್ದು. ತಂತಿ ಡಾಕ್ಟ್ರ ಹಲ್ಲೇ ಸೊಟ್ಟ ಇದ್ರೆ ಜನ ನಗುದಿಲ್ವಾ?’

ನನ್ನ ಬಲಗಡೆಯ ಕೋರೆಹಲ್ಲು ಸಾಲು ಬಿಟ್ಟು ಮೇಲೆ ಹತ್ತಿ ನಿಂತಿದೆ. ಅದನ್ನು ನಾನು ಬೇಕೆಂದೇ ಹಾಗೆ ಇಟ್ಟುಕೊಂಡಿದ್ದೆ. ಆರ್ಥೊ ವಿಭಾಗಕ್ಕೆ ಸೇರಿದವರು ಅಲ್ಲೇ ಜೊತೆಯವರ ಕೈಯಲ್ಲಿ ತಮ್ಮ ಹಲ್ಲು ಸರಿ ಮಾಡಿಸಿಕೊಳ್ಳುವುದುಂಟು. ನನ್ನದೂ ಅಲ್ಲೇ ಆಗಬೇಕು, ಅಲ್ಲಿಯವರೆಗೆ ಬೇಡ ಎಂದು ಓದುವಾಗಲೇ ಎಲ್ಲರೆದುರು ಹೇಳಿದ್ದೆ. ಕೆಲವರು ಹರಕೆಗೆ ಗಡ್ಡ ಬಿಡುತ್ತಾರೆ, ನಾನು ಹಲ್ಲು ಬಿಟ್ಟಿದ್ದೆ. ಅಂಗಡಿಯವನು ಆ ಹರಕೆಯನ್ನು ಕಂಪ್ಯೂಟರಿನಲ್ಲಿ ಒಂದು ಗೀರೆಳೆದು ಮುಗಿಸಿಬಿಟ್ಟಿದ್ದ.

ಫ್ಲೆಕ್ಸಿನ ಮಹಿಮೆ ಭಾನುವಾರ ಗೊತ್ತಾಯಿತು. ಪೂಜೆ ಮುಗಿದು ಹೊರಗೆ ಬಂದರೆ ಚರ್ಚಿನ ಅಂಗಳದಲ್ಲಿ ತಾಯಂದಿರು ಮಕ್ಕಳ ತುಟಿ ಎತ್ತಿ ತೋರಿಸುತ್ತ ನಿಂತಿದ್ದರು. ‘ತಂತಿ ಹಾಕುದು ನಾನಲ್ಲ, ದರ್ಬೆಗೆ ತಿಂಗಳಿಗೊಮ್ಮೆ ತಜ್ಞರು ಬರ್ತಾರೆ’ ಎಂದೆ. ‘ನೀವು ಹಾಕಿದ್ರೆ ಸಾಕು ಡಾಕ್ಟ್ರೆ, ಫ್ಲೆಕ್ಸಲ್ಲಿ ಉಂಟಲ್ಲ’ ಎಂದರು ಒಬ್ಬರು. ನೀಟ್ ಕೊಡದ ಸೀಟನ್ನು ಕಡಬ ಪೇಟೆ ಕೊಟ್ಟಾಗಿತ್ತು.

ಆ ತಿಂಗಳಿಗೊಮ್ಮೆ ಬರುವ ತಜ್ಞ ನನ್ನ ಸಹಪಾಠಿಯೇ. ಸುಳ್ಯದ ಕಡೆಯವನು. ಫೋನಿನಲ್ಲಿ ಅಮ್ಮನ ಹತ್ತಿರ ಅರೆಭಾಷೆ, ರೋಗಿಗಳ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ನಮ್ಮ ಕಡೆ ಸಣ್ಣ ಕ್ಲಿನಿಕ್ಕುಗಳು ನಡೆಯುವುದೇ ಹೀಗೆ. ತಂತಿಯ ದಿನ ತಜ್ಞ ಬಂದು ಸಾಲಾಗಿ ಬಾಯಿ ನೋಡಿ ಹೋಗುತ್ತಾನೆ. ಉಳಿದ ದಿನ ಚಕ್ಕುಲಿ ಕಡಿದು ತಂತಿ ಕಿತ್ತುಕೊಂಡು ಬಂದವರು ನನ್ನ ಪಾಲು. ಓದುವ ಕಾಲದಲ್ಲಿ ಅವನಿಗೆ ತಂತಿ ಬಗ್ಗುತ್ತಲೇ ಇರಲಿಲ್ಲ. ಇಕ್ಕಳ ಹಿಡಿದು ಬೆವರುತ್ತಿದ್ದ. ಕೊನೆಗೆ, ‘ಮಾರಾಯ್ತಿ, ಇದೊಂದು ಮಾಡಿ ಕೊಡು’ ಎಂದು ನನ್ನ ಮೇಜಿಗೆ ಬರುತ್ತಿದ್ದ. ನನಗೆ ತಂತಿ ಮಾತು ಕೇಳುತ್ತಿತ್ತು. ಅವನಿಗೆ ಪುಸ್ತಕ ಮಾತು ಕೇಳುತ್ತಿತ್ತು. ಪರೀಕ್ಷೆ ಪುಸ್ತಕದ ಕಡೆಯದು. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಲು ಒಂದು ಬೆರಳು ಸಾಕು, ಉಳಿದ ಬೆರಳುಗಳಿಗೆ ಅಲ್ಲಿ ರಜೆ.

ಸಿಟ್ಟು ಬರುತ್ತದೆ, ಆದರೆ ನ್ಯಾಯವಾಗಿ ಹೇಳಬೇಕಲ್ಲ. ಅಂಕ ಬಿಟ್ಟು ಕೈ ನೋಡಿಯೇ ಸೀಟು ಕೊಡುತ್ತೇವೆಂದು ಹೊರಟರೆ ದೊಡ್ಡವರ ಅಳಿಯಂದಿರ ಕೈಯೇ ಎಲ್ಲರ ಕೈಗಿಂತ ಸೊಗಸಾಗಿ ಕಂಡೀತು. ಕಡಬದ ರಬ್ಬರ್ ತೋಟದವಳ ಕೈ ನೋಡುವವರು ಯಾರು? ಅಂಕಕ್ಕೆ ಕಣ್ಣಿಲ್ಲದ್ದು ಒಳ್ಳೆಯದೇ. ಬೆರಳನ್ನೂ ನೋಡಲಿಲ್ಲ ಎಂಬುದಷ್ಟೇ ನನ್ನ ದೂರು. ಸಹಪಾಠಿಯನ್ನು ದೂರಲೂ ಬರುವುದಿಲ್ಲ. ಸೀಟು ಸಿಕ್ಕ ಮೇಲೆ ಮೂರು ವರ್ಷ ಬಗ್ಗಿಸಿ ಬಗ್ಗಿಸಿ ಅವನು ಈಗ ಚೆನ್ನಾಗಿಯೇ ಕೆಲಸ ಮಾಡುತ್ತಾನೆ.

ಕೌನ್ಸೆಲಿಂಗಿನ ಕೊನೆಯ ಸುತ್ತಿನಲ್ಲಿ ನನ್ನ ಪಾಲಿಗೆ ಬಂದದ್ದು ಉತ್ತರ ಭಾರತದ ಎಲ್ಲೋ ಒಂದು ಕಾಲೇಜು, ಬಾಯಿಯ ರೋಗಶಾಸ್ತ್ರ. ಮೂರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವ ಕೆಲಸ. ಬಿಟ್ಟುಬಿಟ್ಟೆ. ಇನ್ನೊಮ್ಮೆ ಬರೆಯುವುದಿಲ್ಲ ಎಂದೂ ಅಂದೇ ತೀರ್ಮಾನಿಸಿದೆ. ಆ ಸಂಜೆ ಕಡಬದ ಬಸ್ಸಿನಲ್ಲಿ ಸವಣೂರು ದಾಟುವವರೆಗೆ ಅತ್ತೆ. ಆರ್ಥೊ ಸೀಟು ನನಗೆ ಬೇಕಿತ್ತು, ಬೇರೆ ಯಾವುದೂ ಬೇಕಿರಲಿಲ್ಲ.

ವಿಷಯ ತಿಳಿದ ಚಿಕ್ಕಪ್ಪ ಫ್ಲೆಕ್ಸ್ ಬಿಚ್ಚಿ ತಂದರು. ದಪ್ಪದ್ದು, ಒಳ್ಳೆಯ ಮಾಲು, ಹಾಳು ಮಾಡುವುದುಂಟೇ? ರಬ್ಬರ್ ಶೀಟಿಗೆ ಹೊಗೆ ಹಾಕಿ ಒಣಗಿಸುವ ಕೊಟ್ಟಿಗೆಯ ಮಾಡಿಗೆ ಹೊದೆಸಿದರು. ನೇರ ಹಲ್ಲಿನ ನಾನು ಈಗಲೂ ಅಲ್ಲಿ ಹೊಗೆ ಕುಡಿಯುತ್ತ ನಗುತ್ತಿದ್ದೇನೆ.

ಮುಂದಿನ ತಂತಿಯ ದಿನ ರೋಗಿಗಳೆಲ್ಲ ಹೋದ ಮೇಲೆ ನಾನೇ ಹೋಗಿ ಕುರ್ಚಿಯಲ್ಲಿ ಒರಗಿದೆ. ಸಹಪಾಠಿ ನನ್ನನ್ನೇ ನೋಡಿದ. ನನ್ನ ಹರಕೆ ಅವನಿಗೆ ಗೊತ್ತಿತ್ತು.

‘ಇನ್ನೊಂದು ವರ್ಷ ಬರೆಯುದಿಲ್ವಾ?’ ಎಂದ.

‘ಇಲ್ಲ. ಹಾಕು’ ಎಂದೆ.

ಮೊದಲ ತಿಂಗಳುಗಳಿಗೆ ರೆಡಿಮೇಡ್ ತಂತಿಯೇ ಸಾಕಾಯಿತು. ಕೋರೆಹಲ್ಲನ್ನು ಕೆಳಗಿಳಿಸುವ ಸರದಿ ಬಂದಾಗ ಕೈಯಲ್ಲೇ ಬಗ್ಗಿಸಿದ ಸುರುಳಿ ಬೇಕಿತ್ತು. ಅವನು ಇಕ್ಕಳ ಎತ್ತಿಕೊಂಡವನು ಅದನ್ನು ನನ್ನ ಕಡೆ ಚಾಚಿದ. ‘ಮಾರಾಯ್ತಿ, ಇದೊಂದು ಮಾಡಿ ಕೊಡು’ ಎಂದ. ಮೊದಲಿನ ಹಾಗೆಯೇ.

ನಾನು ಎದ್ದು ಕೂತು, ನನ್ನ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು ಬಗ್ಗಿಸಿದೆ. ಕೊಟ್ಟು ಮತ್ತೆ ಒರಗಿದೆ. ಅವನು ತುಟಿ ಸರಿಸಿ ತಂತಿ ಕೂರಿಸಿದ.

‘ಒಂದೇ ಸಲಕ್ಕೆ ಕೂತಿತು’ ಎಂದ. ಆಮೇಲೆ ನನ್ನ ಒದ್ದೆ ಕಣ್ಣು ನೋಡಿ ಕೈ ತೆಗೆದ. ‘ನೋಯ್ತದಾ?’

ತಂತಿಯಿಂದ ಒಂಚೂರೂ ನೋಯುತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ.