ತೊಳೆದು ಬರುತ್ತಿದ್ದ ಬಟ್ಟಲು

ಹಾಲಿನವನ ಬೈಕು ಬಾಗಿಲ ಮುಂದೆ ನಿಂತ ಸದ್ದಿಗೆ ನನ್ನ ದಿನ ಶುರುವಾಗುತ್ತದೆ. ಗುಂಡ್ಲುಪೇಟೆಯಲ್ಲಿ ನಮ್ಮ ಬೀದಿ ಹೆದ್ದಾರಿಗೆ ಹತ್ತಿರ. ಊಟಿ ಕಡೆಯ ಕಾರುಗಳು, ತರಕಾರಿ ತುಂಬಿಕೊಂಡು ಕೇರಳಕ್ಕೆ ಇಳಿಯುವ ಲಾರಿಗಳು ಅಷ್ಟು ಹೊತ್ತಿಗೆ ಓಡಾಡುತ್ತಲೇ ಇರುತ್ತವೆ. ಅವತ್ತೂ ಬಾಗಿಲಿಗೆ ನೀರು ಹಾಕಿದೆ, ರಂಗೋಲಿ ಎಳೆದೆ, ಬೇಗೂರಿನ ಹೈಸ್ಕೂಲಿನಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರಿಗೆ ಊಟದ ಡಬ್ಬಿ ಕಟ್ಟಿಕೊಟ್ಟೆ. ಆಮೇಲೆ ಅತ್ತೆಯ ಕಸ್ಟರ್ಡಿಗೆ ಹಾಲು ಇಟ್ಟೆ.

ಕಸ್ಟರ್ಡ್ ಮಾಡುವುದು ದೊಡ್ಡ ವಿದ್ಯೆಯಲ್ಲ, ಆದರೆ ಅವಸರದವರಿಗೆ ಬರುವುದಿಲ್ಲ. ಹಾಲಿನಲ್ಲಿ ಒಂದಿಷ್ಟನ್ನು ತಣ್ಣಗೇ ಎತ್ತಿಟ್ಟುಕೊಂಡು ಪುಡಿಯನ್ನು ಅದರಲ್ಲಿ ಕದಡಬೇಕು. ಬಿಸಿ ಹಾಲಿಗೆ ನೇರವಾಗಿ ಸುರಿದರೆ ಗಂಟುಗಂಟಾಗುತ್ತದೆ. ಉಳಿದ ಹಾಲು ಸಕ್ಕರೆಯ ಜೊತೆ ಕಾದು, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಟ್ಟಿದಾಗ ಉರಿ ತಗ್ಗಿಸಿ, ಕದಡಿದ್ದನ್ನು ನೂಲಿನ ಹಾಗೆ ಬಿಡುತ್ತ, ಇನ್ನೊಂದು ಕೈಯಲ್ಲಿ ತಿರುಗಿಸುತ್ತಲೇ ಇರಬೇಕು. ಸೌಟಿನ ಬೆನ್ನಿಗೆ ಹತ್ತಿದ್ದರಲ್ಲಿ ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂತು. ಆರುವಾಗಲೂ ಬಿಟ್ಟು ಹೋಗುವಂತಿಲ್ಲ. ಮೇಲೆ ಕೆನೆ ಕಟ್ಟಿದರೆ ಹಲ್ಲಿಲ್ಲದ ಬಾಯಲ್ಲಿ ಅದು ಅಂಗುಳಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ಕಪ್ಪು ಚುಕ್ಕೆ ಬಿದ್ದ ಏಲಕ್ಕಿ ಬಾಳೆಹಣ್ಣನ್ನು ಹಿಸುಕಿ ಬೆರೆಸುತ್ತಿದ್ದೆ.

ಅತ್ತೆಗೆ ಹರ್ನಿಯಾ. ಆಪರೇಷನ್ ಆಗಲೇಬೇಕು, ಆದರೆ ಈ ಮೈಗೆ ಅರಿವಳಿಕೆ ಕೊಡಲು ಧೈರ್ಯವಿಲ್ಲ, ಮೊದಲು ತೂಕ ಏರಲಿ ಎಂದು ಚಾಮರಾಜನಗರದ ಡಾಕ್ಟರು ಹೇಳಿದ್ದರು. ಹಲ್ಲೆಲ್ಲ ಕೀಳಿಸಿದ ಮೇಲೆ ಅವರು ಉಣ್ಣುವುದೇ ಕಡಿಮೆಯಾಗಿತ್ತು. ರಾತ್ರಿ ಒಂದು ಹಿಡಿ ಮೆದು ಅನ್ನ, ತಿಳಿಸಾರು, ಅಷ್ಟೇ. ಅದಕ್ಕೇ ಚಳಿಗಾಲದಿಂದ ದಿನವೂ ಬೆಳಗ್ಗೆ ಈ ಕಸ್ಟರ್ಡ್.

ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡಿಕೊಂಡ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ಆ ಹೊತ್ತಿನಲ್ಲಿ ಅವರ ಕೋಣೆಗೆ ಯಾರೂ ಕಾಲಿಡುವುದಿಲ್ಲ. ಬಟ್ಟಲನ್ನು ಹೊಸ್ತಿಲ ಹತ್ತಿರ ಇಟ್ಟು ಬರುವುದು ನನ್ನ ಕೆಲಸ. ಸ್ವಲ್ಪ ಹೊತ್ತಿಗೆ ಬಟ್ಟಲು ಅಡಿಗೆಮನೆಗೆ ವಾಪಸು ಬರುತ್ತಿತ್ತು, ತೊಳೆದು. ಬೇರೆ ಯಾವ ಪಾತ್ರೆಯನ್ನೂ ಮುಟ್ಟದ ಅತ್ತೆ ಇದೊಂದನ್ನು ಮಾತ್ರ ತೊಳೆದು ಕೊಡುತ್ತಿದ್ದರು. ಅದರಲ್ಲಿ ನಿಂಬೆ ಸೋಪಿನ ಘಮ ಇರುತ್ತಿತ್ತು. ನಾನು ಪಾತ್ರೆಗೆ ಹಾಕುವ ಪುಡಿಗೆ ಆ ಘಮ ಇಲ್ಲ. ಮೈಗೆ ಹಚ್ಚುವ ಸೋಪಿನಲ್ಲೇ ತೊಳೆದಿರಬೇಕು, ಪಾಪ, ಅಂದುಕೊಳ್ಳುತ್ತಿದ್ದೆ. ಖಾಲಿ ಬಟ್ಟಲು ನೋಡಿದರೆ ನನಗೇ ಹೊಟ್ಟೆ ತುಂಬಿದ ಹಾಗೆ.

ಈ ಕೈಹದ ನಾನು ಕಲಿತದ್ದು ಕಾನ್ವೆಂಟಿನಲ್ಲಿ. ನನ್ನ ತವರು ಪುಣಜನೂರಿನ ಕಡೆ. ಸಂಜೆಯಾದರೆ ಆನೆಯ ಭಯಕ್ಕೆ ರಸ್ತೆ ಖಾಲಿಯಾಗುವ ಊರು. ಓಡಾಟ ಬೇಡವೆಂದು ಅಪ್ಪ ನನ್ನನ್ನು ಚಾಮರಾಜನಗರದಲ್ಲಿ ಸಿಸ್ಟರ್‌ಗಳ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿ ಹಬ್ಬ ಬಂದರೆ ಅಡಿಗೆಮನೆಯ ಸಿಸ್ಟರ್ ಕಸ್ಟರ್ಡ್ ಮಾಡುತ್ತಿದ್ದರು. ಅವರದು ಪುಡಿಯದಲ್ಲ, ಮೊಟ್ಟೆಯದು. ಹಳದಿ ಭಾಗಕ್ಕೆ ಬಿಸಿ ಹಾಲನ್ನು ತೊಟ್ಟುತೊಟ್ಟಾಗಿ ಬಿಡುತ್ತ, "ಒಡೆದರೆ ನೀನೇ ತಿನ್ನಬೇಕು" ಎಂದು ಸೌಟನ್ನು ನನ್ನ ಕೈಗೆ ಕೊಡುತ್ತಿದ್ದರು.

ಮದುವೆಯಾದ ಮೊದಲ ವಾರ, ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅತ್ತೆ ಕೇಳಿದ್ದರು. "ಅಲ್ಲಿ ಮೊಟ್ಟೆ ಗಿಟ್ಟೆ ತಿನ್ನುಸ್ತಿದ್ರಾ ಮಗ?"

"ಹಬ್ಬಕ್ಕೆ ಕಸ್ಟರ್ಡ್ ಮಾಡೋರು ಅತ್ತೆ, ಅದಕ್ಕೆ ಹಾಕ್ತಿದ್ರು. ನಾನೂ ತಿಂದಿದ್ದೀನಿ."

ಅವರ ಬೆರಳುಗಳು ನಿಲ್ಲಲಿಲ್ಲ. ಕಾಳು ಪುಟ್ಟಿಗೆ ಬೀಳುತ್ತಲೇ ಇತ್ತು. "ಆದದ್ದಾಯ್ತು. ಈ ಮನೇಲಿ ಅದು ಬ್ಯಾಡ ಕಣವ್ವ."

ಅವತ್ತಿನಿಂದ ಇವತ್ತಿನವರೆಗೆ ಈ ಮನೆಯೊಳಗೆ ಮೊಟ್ಟೆ ಬಂದಿಲ್ಲ. ಚಳಿಗಾಲದಲ್ಲಿ ಮೊದಲ ಸಲ ಪುಡಿಯ ಡಬ್ಬ ತಂದಾಗಲೂ ಅವರ ಮುಂದೆ ಹಿಡಿದು ತೋರಿಸಿದ್ದೆ. "ಇದರಲ್ಲಿ ಮೊಟ್ಟೆ ಇಲ್ಲ ಅತ್ತೆ. ಮುಸುಕಿನ ಜೋಳದ ಹಿಟ್ಟು, ಬಣ್ಣ, ಅಷ್ಟೇ. ಹಸಿರು ಚುಕ್ಕೆ ನೋಡಿ." ಅವರು ಡಬ್ಬವನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, "ನೀ ಏಳುದ್ ಮ್ಯಾಲೆ ಆಯ್ತು ಬುಡವ್ವ" ಅಂದಿದ್ದರು.

ನಾನು ಹೇಳಹೊರಟ ಆ ದಿನ ಅತ್ತೆಯನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕಿತ್ತು. ಪೂಜೆ ಮುಗಿಯುವುದಕ್ಕೂ ಬಸ್ಸಿಗೂ ಹೊತ್ತು ಸರಿಹೋಗುವುದಿಲ್ಲವೆಂದು ಕಸ್ಟರ್ಡನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡೆ. ತೆರಕಣಾಂಬಿ ದಾಟಿದ ಮೇಲೆ ಮುಚ್ಚಳ ತೆಗೆದು, "ಎರಡು ಚಮಚ ತಿನ್ನಿ ಅತ್ತೆ" ಅಂದೆ.

"ಬ್ಯಾಡ ಕಣ್ ಮಗ, ಬಸ್ಸಲ್ಲಿ ವಾಕರಿಕೆ ಬತ್ತದೆ" ಎಂದು ಸೆರಗನ್ನು ಮೂಗಿಗೆ ಹಿಡಿದು ಕಿಟಕಿಯ ಕಡೆ ತಿರುಗಿದರು. ಹೊಲಗಳಲ್ಲಿ ಚೆಂಡುಹೂವು ಕಣ್ಣು ಕುಕ್ಕುವಷ್ಟು ಹಳದಿಯಾಗಿತ್ತು.

ಆಸ್ಪತ್ರೆಯಲ್ಲಿ ನಾದಿನಿ ಮೊದಲೇ ಬಂದು ಕೂತಿದ್ದಳು. ಅವಳ ಗಂಡನ ಮನೆ ಚಾಮರಾಜನಗರದಲ್ಲೇ. ಅತ್ತೆ ತಕ್ಕಡಿಯ ಮೇಲೆ ನಿಂತರು. ಡಾಕ್ಟರು ಹಳೆಯ ಚೀಟಿ ನೋಡಿದರು, ಮತ್ತೆ ಮುಳ್ಳು ನೋಡಿದರು. "ಇನ್ನೂ ಇಳಿದಿದೆಯಲ್ಲಮ್ಮ. ಮನೇಲಿ ಏನು ಕೊಡ್ತಿದ್ದೀರಿ?"

ಹಾಲು, ಬಾಳೆಹಣ್ಣು, ಕಸ್ಟರ್ಡ್ ಎಂದೆ. ದಿನಾ ಪೂರ್ತಿ ಬಟ್ಟಲು ತಿನ್ನುತ್ತಾರೆ ಎಂದೆ. ಅತ್ತೆ ತಕ್ಕಡಿಯಿಂದ ಇಳಿದು ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಅವರ ಕಾಲ ಹತ್ತಿರವೇ ಇತ್ತು.

"ಪೂರ್ತಿ ಬಟ್ಟಲು ತಿಂದೋರು ಹಿಂಗಿರ್ತಾರಾ?" ಎಂದಳು ನಾದಿನಿ. ಡಾಕ್ಟರಿಗೆ ಹೇಳಿದ ಹಾಗಿತ್ತು, ನೋಡಿದ್ದು ನನ್ನ ಕಡೆ.

ಮಧ್ಯಾಹ್ನ ಅವಳ ಮನೆಗೆ ಹೋದೆವು. ಅವಳು ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ತಂದಳು. ಅತ್ತೆ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು, ಉಸಿರು ಬಿಡದೆ ಕುಡಿದರು. ಇನ್ನೊಂದು ಲೋಟ ಕೇಳಿದರು. ಹಸಿದವರು ಕುಡಿಯುವ ಹಾಗೆ.

"ನೋಡಿದ್ರಾ ಅತ್ತಿಗೆ? ಕೊಡೋರು ಕೊಟ್ರೆ ಕುಡೀತಾರೆ. ನಿಮ್ ಕಾನ್ವೆಂಟ್ ಅಡಿಗೆ ನೋಡೋಕ್ ಚೆಂದ, ಮೈಗೆ ಹತ್ತಬೇಕಲ್ಲ. ಆಪರೇಷನ್ ಆಗೋವರ್ಗೂ ಅವ್ವ ಇಲ್ಲೇ ಇರ್ಲಿ ಬಿಡಿ. ಅಣ್ಣಂಗೆ ಫೋನ್ ಮಾಡಿ ಹೇಳ್ಬಿಟ್ಟೆ."

ನನ್ನನ್ನು ಕೇಳಿರಲಿಲ್ಲ. ಯಜಮಾನರು ಫೋನಿನಲ್ಲಿ, "ಅವಳ ಕೈಯಲ್ಲಾದರೂ ಚೇತರಿಸಿಕೊಳ್ಳಲಿ" ಅಂದರಂತೆ. ಆದರೂ ನಾನು ಅತ್ತೆಯ ಮುಖ ನೋಡಿದೆ. ನಮ್ಮ ಮನೆ ಬಿಟ್ಟು ಇರಲಾರೆ ಎನ್ನಬಹುದು, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ ಎಂದು ಒಂದು ಮಾತು ಆಡಬಹುದು ಎಂದು ಕಾದೆ. ಅವರು ನನ್ನ ಕೈ ಹಿಡಿದು, "ನೀನೇನೂ ಮನಸಿಗ್ ಅಚ್ಕಬ್ಯಾಡ ಮಗ" ಅಂದರು. ಕೈಯಲ್ಲಿ ಬರೀ ಮೂಳೆ. ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳಲಿ? ಕಟ್ಟಿಕೊಂಡವರ ತಾಯಿಯನ್ನು ಉಪವಾಸ ಕೆಡವಿದವಳು ಎನ್ನುವ ಹೆಸರು ಹೊತ್ತು ಒಬ್ಬಳೇ ಬಸ್ಸು ಹತ್ತಿದೆ. ಡಬ್ಬಿ ತೊಡೆಯ ಮೇಲೆ ಹಾಗೇ ಇತ್ತು.

ಮನೆ ಸೇರುವಾಗ ಸಂಜೆ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಡಬ್ಬಿ ತೆರೆದೆ. ಕಸ್ಟರ್ಡ್ ನೀರು ಬಿಟ್ಟುಕೊಂಡು, ಬಾಳೆಹಣ್ಣು ಕಪ್ಪಾಗಿತ್ತು. ಅಲ್ಲೇ ಅತ್ತೆಯ ಕೋಣೆಯ ಹಿಂಬಾಗಿಲು, ಅದರೆದುರು ಎದೆಯುದ್ದದ ಗೋಡೆ. ಗೋಡೆಯಾಚೆ ಟೆಂಪೊ ಓಡಿಸುವವರ ಮನೆ. ಆ ಮನೆಯವಳು ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದವಳು ನಾನು ಬಗ್ಗಿಸುತ್ತಿದ್ದ ಡಬ್ಬಿ ನೋಡಿದಳು.

"ಅಯ್ಯಯ್ಯೋ, ಯಾಕಕ್ಕ ಸುರೀತಿದ್ದೀರಿ?"

"ಬೆಳಗ್ಗೆಯದು. ಹುಳಿ ಬಂದಿದೆ."

"ಬೆಳಗ್ಗೇನೇ ಗ್ವಾಡೆ ಮ್ಯಾಲೆ ಇಟ್ಬುಟ್ಟಿದ್ರೆ ಆಗ್ತಿತ್ತಲ್ಲ. ನಮ್ಮನೇವ್ರು ಊಟಕ್ ಬಂದೋರು, ಎಲ್ಲಿ ಅಜ್ಜಿ ಬಟ್ಲು ಅಂತ ಒಂದೇ ಸಮ್ನೆ ರಾಗ."

"ಯಾವ ಬಟ್ಟಲು?"

"ಅದೇ ಕಣಕ್ಕ, ದಿನಾ ಕೊಡ್ತಿದ್ರಲ್ಲ. ನಾನೇ ತೊಳ್ದು ಗ್ವಾಡೆ ಮ್ಯಾಲೆ ಇಡ್ತಿದ್ನಲ್ಲ. ಪಾಪ, ಅಜ್ಜಿ ಅನ್ನೋರು, ಸೊಸೆ ಆಸೆಪಟ್ಟು ಮಾಡ್ತಳೆ, ಬ್ಯಾಡ ಅಂದ್ರೆ ನೊಂದ್ಕತಳೆ, ಲಿಂಗ ಕಟ್ಟಿರೋ ಕತ್ತಲ್ಲಿ ಮೊಟ್ಟೆ ಎಂಗ್ ಇಳ್ದಾತು, ನೀವಾದ್ರೂ ಉಣ್ಣಿ ಅಂತ."

ಡಬ್ಬಿಯನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟೆ. "ಅದರಲ್ಲಿ ಮೊಟ್ಟೆ ಇರಲಿಲ್ಲ."

ಅವಳು ಒಣಗಿದ ಬಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡು ನಕ್ಕಳು.

"ನಮ್ತವ ಯಾಕಕ್ಕ ಮುಚ್ಚಿಡ್ತೀರಿ? ನಾವೇನ್ ತಿನ್ನದೋರಾ? ನಾಳಿಂದ ಇನ್ನೊಂದ್ ಮೊಟ್ಟೆ ಜಾಸ್ತೀನೇ ಆಕ್ಬುಡಿ."