ಪಾಳಿ ತಪ್ಪಿದ ಭಾನುವಾರ

ಮದುವೆಯಾಗಿ ಚಿಂಚೋಳಿ ಕಡೆಯಿಂದ ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾಕ್ಕೆ ಬಂದ ಹೊಸತರಲ್ಲಿ ಗಂಡ ನನ್ನ ಕೈಗೆ ಸಿಗುತ್ತಿದ್ದದ್ದು ವಾರಕ್ಕೊಂದೇ ದಿನ. ಅವರಿಗೆ ಉದಗೀರದ ಕಾಲೇಜಿನಲ್ಲಿ ಕೆಲಸ. ಶನಿವಾರ ಸಂಜೆಯ ಬಸ್ಸಿಗೆ ಬರುವುದು, ಸೋಮವಾರ ಕತ್ತಲಿರುವಾಗಲೇ ಹೊರಡುವುದು. ಆ ಒಂದು ದಿನಕ್ಕೂ ಕಲ್ಲು ಹಾಕುತ್ತಿದ್ದವರು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಸಾಹೇಬರು.

ನಾನು ಅಲ್ಲಿ ಟೆಂಪರರಿ ಆಪರೇಟರ್. ದೊಡ್ಡ ಭೂಕಂಪದಲ್ಲಿ ಆ ಕಡೆಯ ಹಳ್ಳಿಗಳು ನೆಲಸಮವಾದ ಮೇಲೆ ಸುತ್ತಲೂ ಹೊಸ ಊರುಗಳನ್ನು ಕಟ್ಟುತ್ತಿದ್ದರು. ಸಿಮೆಂಟಿನವರು, ಕಂಟ್ರಾಕ್ಟರುಗಳು, ಎಲ್ಲರಿಗೂ ಪುಣೆ, ಮುಂಬಯಿ ಲೈನು ಈಗಿಂದೀಗಲೇ ಬೇಕು. ಯಾರಾದರೂ ರಜೆ ಹಾಕಿದರೆ ಸಾಹೇಬರ ಕಣ್ಣು ನನ್ನ ಮೇಲೆಯೇ, ಯಾಕೆಂದರೆ ನಮ್ಮ ಮನೆ ಎಕ್ಸ್‌ಚೇಂಜಿನ ಹಿಂದಿನ ಓಣಿಯಲ್ಲಿತ್ತು. ಭಾನುವಾರ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಜವಾನ ಬಂದು ಬಾಗಿಲು ಬಡಿಯುತ್ತಿದ್ದ. ಗಂಡ ಊಟದ ತಾಟಿನ ಮುಂದೆ, ನಾನು ಬೋರ್ಡಿನ ಮುಂದೆ. ಸಿಟ್ಟು ನೆತ್ತಿಗೇರುತ್ತಿತ್ತು, ಆದರೆ ಟೆಂಪರರಿಯವಳು ಸಿಟ್ಟನ್ನು ಮನೆಯ ಪಾತ್ರೆಗಳ ಮೇಲೆಯೇ ತೀರಿಸಿಕೊಳ್ಳಬೇಕು.

ಒಂದು ಶನಿವಾರ ಬೆಳಿಗ್ಗೆ ಸಾಹೇಬರು "ಉದ್ಯಾ ಯಾ" ಅಂದರು, ನಾಳೆ ಬನ್ನಿ ಅಂತ. ಈ ಸಲ ಬಿಡಬಾರದು ಎಂದು ಮನಸ್ಸು ಗಟ್ಟಿ ಮಾಡಿದೆ. ನನ್ನ ಮರಾಠಿಯೆಲ್ಲ ಹೆಡ್‌ಫೋನಿನಲ್ಲಿ ಕಲಿತದ್ದು: ಮಾತಾಡಿ, ತಡೆಯಿರಿ, ಲೈನು ಖಾಲಿಯಿಲ್ಲ, ಅಷ್ಟೇ. ಅದರಲ್ಲೇ ಹೊಂದಿಸಿಕೊಂಡೆ. ನಮ್ಮ ಕಡೆ ನಳದ ಪಾಳಿ, ಗಿರಣಿಯ ಪಾಳಿ, ಡ್ಯೂಟಿಯ ಪಾಳಿ, ಎಲ್ಲವೂ ಪಾಳಿಯೇ. ನನ್ನ ಪಾಳಿ ಹಾಕುವುದರಲ್ಲಿ ತಪ್ಪಾಗಿದೆ ಎನ್ನಲು ತಲೆ ತಗ್ಗಿಸಿ, "ಸಾಹೇಬ, ಮಾಝಿ ಪಾಳಿ ಚುಕಲಿ" ಅಂದೆ.

ಸಾಹೇಬರು ಎದ್ದೇ ನಿಂತರು. ಹೆಣ್ಣುಮಕ್ಕಳ ತಂದೆ ಅವರು. ಮುಖ ಮೊದಲು ಕೆಂಪಾಯಿತು, ಆಮೇಲೆ ಅರಳಿತು. ತಮ್ಮ ಗಾದಿ ಹಾಕಿದ ಕುರ್ಚಿಯನ್ನು ನನ್ನತ್ತ ಸರಿಸಿ, ನಾಳೆ ಬೇಡ, ಮುಂದೆ ಯಾವ ಭಾನುವಾರವೂ ಬೇಡ, ಆರಾಮ ಮಾಡು ಮಗಳೇ ಅಂತ ಮರಾಠಿಯಲ್ಲಿ ಹೇಳಿದರು. ಅವರದೇ ಭಾಷೆಯಲ್ಲಿ ಕೇಳಿದ್ದಕ್ಕೆ ಇಷ್ಟು ಫಲವೇ! ಡ್ಯೂಟಿ ಮುಗಿದದ್ದೇ ತಡ, ನೆಲದ ಮೇಲೆ ಕಾಲಿಲ್ಲದೆ ಮನೆಗೆ ಬಂದೆ. ಅಷ್ಟರಲ್ಲಿ ಸಾಹೇಬರು ಉದಗೀರದ ಕಾಲೇಜಿಗೆ ಫೋನ್ ಮಾಡಿ ನನ್ನ ಗಂಡನನ್ನು ಅಭಿನಂದಿಸಿದ್ದು ನನಗೇನು ಗೊತ್ತು?

ಸಂಜೆ ಬರಬೇಕಾದ ಗಂಡ ಮಧ್ಯಾಹ್ನವೇ ಬಂದರು. ಕೈಯಲ್ಲಿ ನಿಲಂಗಾದಲ್ಲಿ ಬಸ್ಸು ಬದಲಿಸುವಾಗ ಕೊಂಡ ಪೇಢೆಯ ಡಬ್ಬಿ.

"ಖರೇ ಏನ? ಸಾಹೇಬರು ಫೋನ್ ಮಾಡಿದ್ರು."

"ಖರೇರೀ! ಇನ್ನ ಮ್ಯಾಲ ಪ್ರತಿ ಐತವಾರ!"

"ಪ್ರತಿ ಐತವಾರ?" ಅವರ ಹುಬ್ಬು ನೆತ್ತಿಗೇರಿತು.

ಒಳಗಿನಿಂದ ಅತ್ತೆ ಬಂದರು. ಉಮರ್ಗಾದಲ್ಲೇ ಹುಟ್ಟಿ ಬೆಳೆದವರು, ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. "ಸಾಹೇಬರಿಗಿ ಏನಂದಿ, ಹಂಗs ಹೇಳು" ಅಂದರು. ಹೇಳಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿ ಕೂತೇಬಿಟ್ಟರು. "ಹುಚ್ಚೀ, ಮರಾಠ್ಯಾಗ ಹೆಣಮಗಳು ಹಂಗ ಅಂದ್ರ ತಿಂಗಳ ನಿಂತದ ಅಂತ! ಬಸರ ಆಗೀನಿ ಅಂತ ಹೇಳಿ ಬಂದೀಯಲ್ಲ!"

ನಾನು ನಾಚಿಕೆಯಿಂದ ನೆಲಕ್ಕಿಳಿದೆ, ಮರುಗಳಿಗೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡೆ. ಗಂಡನೂ ನಕ್ಕರು, ಆದರೆ ಡಬ್ಬಿ ಕೆಳಗಿಡಲಿಲ್ಲ. ಉದಗೀರದಿಂದ ಇಲ್ಲಿಯ ತನಕ ಬಸ್ಸಿನಲ್ಲಿ ಅವರು ತಂದೆಯಾಗಿಯೇ ಕೂತು ಬಂದಿದ್ದರು. ಅದನ್ನು ನೋಡಿ ನನ್ನ ನಗು ನಿಂತಿತು.

"ಸೋಮವಾರ ಸಾಹೇಬರಿಗಿ ತಿಳಿಸಿ ಹೇಳ್ತೀನಿ ಅತ್ತಿ."

"ಏನ್ ತಿಳಿಸ್ತಿ? ಪಾಪ, ಅಷ್ಟ ಖುಷಿ ಆಗ್ಯಾರ. ದೊಡ್ಡವರ ಮಾತ ಸುಳ್ಳ ಮಾಡಬ್ಯಾಡ್ರಿ ಇಬ್ಬರೂ."

ಅತ್ತೆ ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ದೀಪ ಹಚ್ಚುವ ತನಕ ಬರುವುದಿಲ್ಲವೆಂದು ಹೇಳಿ, ಬಾಗಿಲು ಎಳೆದುಕೊಂಡು ನೆರೆಮನೆಗೆ ಹೋದರು.

ಸಾಹೇಬರ ಮಾತು ಸುಳ್ಳಾಗಲು ನಾವು ಬಿಡಲಿಲ್ಲ.